ಕಣದ ಹಲಗಿ, ವೇದಿಕೆಯ ಶಾಲು

ಮನ್ನಾಏಖೇಳ್ಳಿಯ ಮೇಲೆ ಹಾದುಹೋಗುವ ಹೆದ್ದಾರಿ ಹೈದರಾಬಾದಿಗೆ ಮುಟ್ಟುತ್ತದೆ. 2023ರ ಸೆಪ್ಟೆಂಬರ್ 8ರಂದು ಅಲ್ಲಿನ ಗಚ್ಚಿಬೌಲಿಯಲ್ಲಿ ಅಮೆರಿಕದ ಡಬ್ಲ್ಯೂಡಬ್ಲ್ಯೂಇ ಕಂಪನಿ ತನ್ನ ಕುಸ್ತಿ ಆಟ ತಂದಿಳಿಸಿತು. ಜಾನ್ ಸೀನಾ ಬಂದ. ಅವನಿಗಿಂತ ಮೊದಲು ಅವನ ಹಾಡು ಬಂತು. ಆ ತುತ್ತೂರಿ ಕೇಳಿದ ಕೂಡಲೇ ನಮ್ಮ ಹುಡುಗರು ಹೆಸರು ಹೇಳುತ್ತಾರೆ. ತಮ್ಮೂರ ಜಾತ್ರೆಯ ಕುಸ್ತಿಗೆ ಹಲಗಿ ಬಾರಿಸಿದವನ ಹೆಸರು ಕೇಳಿ ನೋಡಿ, ಬಾಯಿ ಮುಚ್ಚುತ್ತದೆ.

"ಅದು ಸುಳ್ಳು ಕುಸ್ತಿ, ನಮ್ದು ಖರೇ ಕುಸ್ತಿ" ಎಂದು ಎದೆ ತಟ್ಟಿಕೊಳ್ಳುವವರ ಜೊತೆ ನಾವಿಲ್ಲ. ಅಲ್ಲಿ ಗೆಲುವು ಮೊದಲೇ ಗೊತ್ತು ಮಾಡಿರುತ್ತಾರೆ, ನಿಜ. ಅದಕ್ಕೇ ಹಾಡು ಬೇಕು, ತಾರೆಯರು ಬೇಕು. 1985ರ ಮಾರ್ಚ್ 31ರಂದು ನ್ಯೂಯಾರ್ಕಿನ ಮೊದಲ ರೆಸಲ್‌ಮೇನಿಯಾದಲ್ಲಿ ಹಾಡುಗಾರ್ತಿ ಸಿಂಡಿ ಲಾಪರ್, ಪಿಯಾನೋದ ಲಿಬರಾಚಿ, ಮುಹಮ್ಮದ್ ಅಲಿ ಎಲ್ಲರನ್ನೂ ಕಣದ ಸುತ್ತ ನಿಲ್ಲಿಸಿದರು. ವಿಯೆಟ್ನಾಂ ಯುದ್ಧಕ್ಕೆ ಹೋಗೆನೆಂದು 1967ರಲ್ಲಿ ಪದವಿ ಕಳೆದುಕೊಂಡ ಅಲಿಗೆ ಅಲ್ಲಿ ತೀರ್ಪುಗಾರನ ವೇಷ! ನಮಗೆ ಸಂಕಟವಾಗುತ್ತದೆ, ಬಯ್ಯಲು ಬಾಯಿ ಬರುವುದಿಲ್ಲ. ದಾರಾ ಸಿಂಗ್ 1968ರಲ್ಲಿ ಮುಂಬಯಿಯಲ್ಲಿ ಲೂ ಥೆಜ್‌ನನ್ನು ಕೆಡವಿ ಜಗಜಟ್ಟಿ ಎನಿಸಿದ್ದೂ ಇಂಥದೇ ಆಟದಲ್ಲಿ. ಅಷ್ಟರಲ್ಲಿ ಆತ ಸಿನಿಮಾ ತಾರೆಯೂ ಆಗಿದ್ದ.

ಇನ್ನು ನಮ್ಮ ಜಾತ್ರೆ, ಉರುಸುಗಳ ಜಂಗೀ ಕುಸ್ತಿ. ಹುಡುಗರ ತೆಂಗಿನಕಾಯಿ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಕಡಗದ ಕುಸ್ತಿಗೆ ಮುಗಿಯುತ್ತದೆ. ಇಲ್ಲಿ ಕುಸ್ತಿಯನ್ನು ಓದುವವನು ಹಲಗಿಯವ. ಪೈಲವಾನರು ಕೈ ಹಿಡಿದು ಒಬ್ಬರನ್ನೊಬ್ಬರು ಅಳೆಯುವಾಗ ಅವನ ಪೆಟ್ಟು ನಿಧಾನ. ಒಬ್ಬ ಪಟ್ಟು ಹಾಕಿದಾ ಅಂದ್ರ ಕೋಲು ಜೋರಾಗುತ್ತದೆ, ಹಿಂದೆ ಕೂತವರು ಎದ್ದು ನಿಲ್ಲುತ್ತಾರೆ. ಕಣ್ಣು ಪೈಲವಾನನ ಸೊಂಟದ ಮೇಲೆ, ಕೈ ಚರ್ಮದ ಮೇಲೆ. ಹಲಗಿ ಸಡಿಲಾದರೆ ಬೆಂಕಿಗೆ ಕಾಯಿಸಿಕೊಂಡು ಓಡಿ ಬರಬೇಕು. ಇದು ಕಲೆ ಅಲ್ಲೇನ್ರಿ? ಲಯ, ಲಯ ಎಂದು ಪುಟ ತುಂಬಿಸುವ ನಮ್ಮ ವಿಮರ್ಶಕರು ಒಮ್ಮೆ ಈ ಕಣದ ಅಂಚಿಗೆ ಬಂದು ಕೂಡಲಿ.

ಅಷ್ಟರಲ್ಲಿ ಗಣ್ಯರ ಕಾರು ಬರುತ್ತದೆ. ಹಿಡಿದ ಪಟ್ಟು ಬಿಡಿಸಿ ಕುಸ್ತಿ ನಿಲ್ಲಿಸುತ್ತಾರೆ. ಅದೇ ಹಲಗಿ ಅವರ ಮುಂದೆ ಬಾರಿಸುತ್ತ ನಡೆಯಬೇಕು. ಮೇಲೆ ಫೇಟಾ, ಶಾಲು, ಹಾರ, ಫೋಟೋ. ಹಲಗಿಯವ ಕೆಳಗೆ. ಸತ್ತ ದನದ ತೊಗಲೆಂದು ದೂರ ನಿಲ್ಲುವ ಊರು ಅದೇ ತೊಗಲಿನ ಸದ್ದಿಗೆ ಮೈ ಉಬ್ಬಿಸುತ್ತದೆ. ತೊಗಲು ಮೈಲಿಗೆ, ಸದ್ದು ಮಡಿ!

ಆ ಕಂಪನಿಗೆ 1985ರಿಂದ 2017ರವರೆಗೆ ಹಾಡು ಕಟ್ಟಿದ ಜಿಮ್ ಜಾನ್‌ಸ್ಟನ್‌ನ ಹೆಸರೂ ನಮ್ಮ ಹುಡುಗರಿಗೆ ಗೊತ್ತಿಲ್ಲ. ಆದರೆ ಅವನದು ಸಂಬಳದ ಕೆಲಸ. ಹುಟ್ಟಿದ ಕೇರಿ ನೋಡಿ ಯಾರೂ ಅವನ ಕೊರಳಿಗೆ ವಾದ್ಯ ಕಟ್ಟಿರಲಿಲ್ಲ.

ಗಣ್ಯರು ಕಣಕ್ಕೆ ಬರಲೇಬಾರದೆಂದೇನಲ್ಲ. ಕೊಲ್ಹಾಪುರದಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದ ಶಾಹೂ ಮಹಾರಾಜರೇ 1920ರಲ್ಲಿ ಮಾಣಗಾವ್ ಪರಿಷತ್ತಿಗೆ ಬಂದು ಅಂಬೇಡ್ಕರ್ ಅವರ ಬೆನ್ನಿಗೆ ನಿಂತರು. ಹಾಗೆ ಬರುವವರಿದ್ದರೆ ಬರಲಿ.

ಹಲಗಿ ಬಿಸಾಡೋಣ ಎನ್ನುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಬಿಟ್ಟಿ ಚಾಕರಿಯ ಹಲಗಿಯನ್ನು ಬಿಸಾಡಲೇಬೇಕು. ಕುಸ್ತಿ ಓದುವ ಆ ಕೈಯನ್ನೂ ಬಿಸಾಡಬೇಕೆ? ಬರುವ ಜಾತ್ರೆಯ ಕರಪತ್ರದಲ್ಲಿ ಪೈಲವಾನರ, ದಾನಿಗಳ ಸಾಲಿನಲ್ಲೇ ಹಲಗಿಯವರ ಹೆಸರು ಅಚ್ಚಾಗಲಿ, ಅವರ ಕೂಲಿ ಎಷ್ಟೆಂಬುದೂ ಅಚ್ಚಾಗಲಿ. ಆಗದಿದ್ದರೆ ಒಂದು ವರ್ಷ ಕಣ ಸದ್ದಿಲ್ಲದೆ ನಡೆಯಲಿ, ನೋಡೋಣ.