ಎಲೆತಾವರೆಯ ಹಗಲು–ರಾತ್ರಿ

ಕಾಡುಬಸಳೆಯ ಎಲೆ ಬೆಳಗಿನ ಹೊತ್ತು ಹುಳಿ. ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಇದನ್ನು ಬಾಯಿಗೆ ಹಾಕಿ ನೋಡಿ ಬರೆದಿಟ್ಟವನು ಬೆಂಜಮಿನ್ ಹೇನ್. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದ ಅವನು ಟಿಪ್ಪುವಿನ ಪತನದ ನಂತರ ಬೆಂಗಳೂರಿನ ಲಾಲ್‌ಬಾಗ್ ತೋಟದ ಹೊಣೆ ಹೊತ್ತಿದ್ದ. ಅವನ ಟಿಪ್ಪಣಿ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಇಂದು ಅದೇ ಬೆಂಗಳೂರಿನ ಬಾಲ್ಕನಿಗಳಲ್ಲಿ, ಆಫೀಸಿನ ಮೇಜುಗಳ ಮೇಲೆ ಕೂತಿರುವ ಎಚೆವೇರಿಯಾ ಕಾಡುಬಸಳೆಯ ಕುಟುಂಬಕ್ಕೇ ಸೇರಿದ್ದು. ತಾವರೆಯಂತೆ ಎಲೆ ಸುತ್ತಿಕೊಂಡ ಈ ಸಕ್ಯುಲೆಂಟ್‌ಗಳನ್ನು ಮನೆಯಲ್ಲಿ ಸಾಕುವ ಹವ್ಯಾಸ ಎಷ್ಟು ಸರಿಯಾಗಿ ನಡೆಯುತ್ತಿದೆ ಎಂದು ತೂಗಿ ನೋಡಲು ಹೇನ್ ಕಂಡ ಆ ಹುಳಿಯೇ ಒಳ್ಳೆಯ ತಕ್ಕಡಿ.

ಈ ಗಿಡಗಳ ಚೆಲುವನ್ನು ಮೊದಲು ಒಪ್ಪಿಕೊಳ್ಳಬೇಕು. ಹೊಸ ಎಲೆ ಹಿಂದಿನ ಎಲೆಯಿಂದ ಸುಮಾರು 137.5 ಡಿಗ್ರಿ ಸರಿದು ಹುಟ್ಟುತ್ತದೆ. ಹಾಗಾಗಿ ಮೇಲಿನ ಎಲೆ ಕೆಳಗಿನದರ ಬೆಳಕನ್ನು ಪೂರ್ತಿ ಮರೆಮಾಡುವುದಿಲ್ಲ. ನೋಡುವವರ ಕಣ್ಣಿಗೆ ಅದೇ ಸುರುಳಿ ರಂಗೋಲಿಯಾಗಿ ಕಾಣುತ್ತದೆ. ಎಚೆವೇರಿಯಾ ಎಂಬ ಹೆಸರು ಬಂದದ್ದೂ ಒಬ್ಬ ಚಿತ್ರಕಾರನಿಂದ. ಹದಿನೆಂಟನೆಯ ಶತಮಾನದಲ್ಲಿ ಮೆಕ್ಸಿಕೋದ ಸಸ್ಯಗಳನ್ನು ಚಿತ್ರಿಸಿದ ಅತನಾಸಿಯೋ ಎಚೆವೆರ‍್ರಿಯಾನ ಗೌರವಾರ್ಥ ಸ್ವಿಸ್ ಸಸ್ಯಶಾಸ್ತ್ರಜ್ಞ ದ ಕಾಂಡೋಲ್ 1828ರಲ್ಲಿ ಈ ಹೆಸರಿಟ್ಟ.

ಹುಳಿಯ ಗುಟ್ಟು ಇಷ್ಟು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆ ಹೊತ್ತಿನಲ್ಲಿ ನೀರೂ ಆವಿಯಾಗಿ ಹೋಗುತ್ತದೆ. ಒಣ ನಾಡಿನ ಗಿಡಕ್ಕೆ ಈ ದುಂದು ಕಟ್ಟದು. ಅದು ಬಿಸಿಲಿನಲ್ಲಿ ಬಾಗಿಲು ಮುಚ್ಚಿ, ತಂಪಾದ ರಾತ್ರಿಯಲ್ಲಿ ತೆರೆಯುತ್ತದೆ. ರಾತ್ರಿ ಹೀರಿದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಅದನ್ನು ಸಕ್ಕರೆಯಾಗಿಸುತ್ತದೆ. ಬೆಳಗಿನ ಹುಳಿ ಎಂದರೆ ರಾತ್ರಿಯ ದುಡಿಮೆಯ ಉಳಿತಾಯ.

ಇಷ್ಟು ತಿಳಿದ ಮೇಲೆ ಮಾರಾಟದ ಮಾತುಗಳು ಎಲ್ಲಿ ಎಡವುತ್ತವೆ ಎಂಬುದು ಕಾಣತೊಡಗುತ್ತದೆ. ‘ರಾತ್ರಿಯೂ ಆಮ್ಲಜನಕ ಕೊಡುವ ಗಿಡ’ ಎಂಬ ಪ್ರಚಾರ ತಪ್ಪು. ರಾತ್ರಿ ಗಿಡ ಅನಿಲ ಹೀರಿಕೊಳ್ಳುವುದು ನಿಜ, ಆದರೆ ಆಮ್ಲಜನಕ ಹೊರಬರಲು ಬೆಳಕು ಬೇಕೇ ಬೇಕು. ‘ಗಾಳಿ ಶುದ್ಧಿ ಮಾಡುತ್ತದೆ’ ಎಂಬ ಮಾತಿಗೆ ಮೂಲ 1989ರ ನಾಸಾ ಪ್ರಯೋಗ; ಅದು ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನು 2019ರಲ್ಲಿ ಮತ್ತೆ ಲೆಕ್ಕ ಹಾಕಿದವರು, ಕಿಟಕಿಯ ಗಾಳಿಗೆ ಸಮನಾಗಲು ಪ್ರತಿ ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕಾದೀತು, ಆ ಸಂಖ್ಯೆ ಸಾವಿರಕ್ಕೂ ಹೋದೀತು ಎಂದರು.

ಎಲ್ಲಕ್ಕಿಂತ ಹಾನಿ ಮಾಡಿರುವುದು ‘ನೋಡಿಕೊಳ್ಳುವ ಗೋಜೇ ಇಲ್ಲ’ ಎಂಬ ಭರವಸೆ. ಆ ಭರವಸೆಯ ಜೊತೆಗೆ ಗಿಡ ಬರುವುದು ತಳದಲ್ಲಿ ತೂತಿಲ್ಲದ ಗಾಜಿನ ಬಟ್ಟಲಿನಲ್ಲಿ, ಒದ್ದೆ ಕೋಕೋಪೀಟಿನಲ್ಲಿ, ಮೇಲೆ ಅಂಟು ಹಾಕಿ ಕೂರಿಸಿದ ಬಣ್ಣದ ಕಲ್ಲುಗಳೊಂದಿಗೆ. ಜೊತೆಗೊಂದು ಸ್ಪ್ರೇ ಬಾಟಲಿ. ಸ್ಪ್ರೇ ಮಾಡಿದ ನೀರು ಬೇರಿಗೆ ಮುಟ್ಟುವ ಬದಲು ಸುಳಿಯಲ್ಲಿ ನಿಲ್ಲುತ್ತದೆ. ಸುಳಿಕೊಳೆ ಎಂದರೇನೆಂದು ಅಡಿಕೆ ತೋಟದವರಿಗೆ ಹೇಳಿಕೊಡಬೇಕಿಲ್ಲ. ಅಂಗೈಯಗಲದ ಎಚೆವೇರಿಯಾದಲ್ಲೂ ಸುಳಿ ಕೊಳೆತರೆ ಆ ಗಿಡ ಉಳಿಯುವುದು ಕಷ್ಟ.

ಕನ್ನಡದ ಮನೆಗಳಿಗೆ ಈ ಪಾಠ ಹೊಸದೇನೂ ಅಲ್ಲ. ದೃಷ್ಟಿಯಾಗದಿರಲೆಂದು ಬಾಗಿಲಿಗೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣಿಲ್ಲದೆ, ನೀರಿಲ್ಲದೆ ವಾರಗಟ್ಟಲೆ ಹಸಿರಾಗಿರುತ್ತದೆ. ಬೇಲಿಯ ಕತ್ತಾಳೆ ಬೇಸಿಗೆಯಿಡೀ ಯಾರ ಕೈಯ ನೀರನ್ನೂ ಕಾಯುವುದಿಲ್ಲ. ಎರಡೂ ಸುತ್ತೆಲೆಯ ರಸಭರಿತ ಗಿಡಗಳೇ. ಆ ಅನುಭವವನ್ನು ಪಕ್ಕಕ್ಕಿಟ್ಟು, ಹೊಸ ಗಿಡಕ್ಕೆ ತುಳಸಿಗೆ ಎರೆದಂತೆ ದಿನವೂ ನೀರೆರೆಯುವುದು ಈ ಹವ್ಯಾಸದ ದೊಡ್ಡ ದೋಷ.

ಎರಡನೆಯ ದೋಷ ಜಾಗದ್ದು. ಮೆಕ್ಸಿಕೋದ ಎತ್ತರದ ಬಂಡೆ ಸಂದುಗಳಿಂದ ಬಂದ ಗಿಡವನ್ನು ಟಿ.ವಿ. ಪಕ್ಕದ ಮೂಲೆಗಿಟ್ಟರೆ ಅದು ಬೆಳಕು ಹುಡುಕಿ ಕತ್ತು ಚಾಚುತ್ತದೆ, ಎಲೆಗಳ ನಡುವೆ ಅಂತರ ಬೀಳುತ್ತದೆ, ತಾವರೆಯ ಆಕಾರ ಹೋಗುತ್ತದೆ. ಹಾಗೆ ನೀಳವಾದ ಕಾಂಡ ಮತ್ತೆ ಗಿಡ್ಡವಾಗದು. ಬೆಂಗಳೂರು, ಮೈಸೂರುಗಳ ತಂಪು ರಾತ್ರಿ ಎಚೆವೇರಿಯಾಕ್ಕೆ ಹಿತ. ಬೆಳಗಿನ ಬಿಸಿಲು ಬೀಳುವ, ಮಳೆ ನೇರ ಹೊಡೆಯದ ಬಾಲ್ಕನಿ ಇದ್ದರೆ ಸಾಕು. ಕರಾವಳಿಯ ಮಾತೇ ಬೇರೆ. ಮಂಗಳೂರಿನ ಸೆಕೆಯ, ತೇವದ ರಾತ್ರಿಗಳಲ್ಲಿ ಅದು ಸೊರಗುತ್ತದೆ. ಅಲ್ಲಿ ಲೋಳೆಸರದ ಬಳಗದ, ದಕ್ಷಿಣ ಆಫ್ರಿಕಾದ ಹವರ್ಥಿಯಾವೇ ಜಾಣ ಆಯ್ಕೆ. ನೀರು ನಿಲ್ಲದಂತೆ ನೋಡಿಕೊಂಡರೆ ಕಿಟಕಿಯ ಮಂದ ಬೆಳಕೂ ಅದಕ್ಕೆ ಒಗ್ಗುತ್ತದೆ. ಯುರೋಪಿನ ಬೆಟ್ಟಗಳ ಸೆಂಪರ್‌ವೈವಮ್ ಚಳಿಯ ಗಿಡ, ನಮ್ಮ ಬಯಲುಸೀಮೆಯ ಬೇಸಿಗೆಗೆ ತಕ್ಕದ್ದಲ್ಲ. ಅದರ ಸುತ್ತೆಲೆ ಬಾಳೆಯಂತೆ ಒಮ್ಮೆ ಹೂಬಿಟ್ಟು ಸಾಯುತ್ತದೆ, ಸುತ್ತ ಮರಿಗಳನ್ನು ಬಿಟ್ಟಿರುತ್ತದೆ. ಇದನ್ನು ತಿಳಿಯದವರು ತಾವೇ ಕೊಂದೆವೆಂದು ನೊಂದುಕೊಳ್ಳುತ್ತಾರೆ.

ಹಾಗಾದರೆ ಒಳ್ಳೆಯ ಆರೈಕೆ ಯಾವುದು? ತೂತಿರುವ ಮಣ್ಣಿನ ಕುಂಡ. ಅರ್ಧಕ್ಕೂ ಹೆಚ್ಚು ಇಟ್ಟಿಗೆ ಚೂರು, ಸಣ್ಣ ಜಲ್ಲಿ ಅಥವಾ ಪ್ಯೂಮಿಸ್. ಉಳಿದದ್ದು ಕೆಂಪು ಮಣ್ಣು, ಒಂದು ಹಿಡಿ ಎರೆಗೊಬ್ಬರ. ಬೆರಳಿಟ್ಟು ನೋಡಿದಾಗ ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ, ಬುಡಕ್ಕೆ, ತಳದಿಂದ ಹರಿದುಹೋಗುವಷ್ಟು ನೀರು. ಕೆಳಗಿನ ಎಲೆ ತುಸು ಸುಕ್ಕಾದರೆ ಬಾಯಾರಿಕೆ. ಹಳದಿಯಾಗಿ, ಮೆತ್ತಗೆ, ಪಾರದರ್ಶಕವಾದರೆ ನೀರು ಹೆಚ್ಚಾಗಿದೆ. ಎಲೆಯ ಮೇಲಿನ ಬೂದಿಯಂಥ ಮೇಣ ಬಿಸಿಲು, ನೀರುಗಳಿಂದ ಕಾಯುವ ಹೊದಿಕೆ. ಧೂಳೆಂದು ಒರೆಸಿದರೆ ಆ ಎಲೆಯ ಮೇಲೆ ಬೆರಳ ಗುರುತು ಉಳಿದೇ ಬಿಡುತ್ತದೆ. ಎಲೆ ಸಂದಿನಲ್ಲಿ ಹತ್ತಿಯಂತೆ ಬಿಳಿಯದು ಕಂಡರೆ ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಅಂದೇ ತೆಗೆಯಬೇಕು.

ಚೆಲುವಿಗೆ ಮರುಳಾದವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಕ್ಯಾಲಿಫೋರ್ನಿಯಾದ ಕಡಲ ಬಂಡೆಗಳ ಮೇಲೆ ಬೆಳೆಯುವ ಡಡ್ಲಿಯಾ ಕೂಡ ಇಂಥದೇ ಬೂದಿ ಬಣ್ಣದ ಎಲೆತಾವರೆ. ಪೂರ್ವ ಏಷ್ಯಾದ ಸಂಗ್ರಾಹಕರಿಗೆ ಮಾರಲೆಂದು ಅದನ್ನು ಸಾವಿರಗಟ್ಟಲೆ ಕಿತ್ತು ಸಾಗಿಸಿದ ಪ್ರಕರಣಗಳು ಬಯಲಾದವು. ಕೊನೆಗೆ 2021ರಲ್ಲಿ ಆ ರಾಜ್ಯ ಈ ಒಂದು ಕುಲದ ರಕ್ಷಣೆಗೆಂದೇ ಕಾನೂನು ಮಾಡಬೇಕಾಯಿತು. ಕುಂಡದಲ್ಲಿ ಸುಲಭವಾಗಿ ಮರಿಯಾಗುವ ತಳಿಗಳಿರುವಾಗ ಬಂಡೆಯಿಂದ ಕಿತ್ತ ಗಿಡಕ್ಕೆ ಹಣ ಕೊಡುವುದು ಯಾವ ನೆಲೆಯಲ್ಲೂ ಸಮರ್ಥನೀಯವಲ್ಲ.

ಈ ಹವ್ಯಾಸದ ನಿಜವಾದ ಬಲವಿರುವುದೂ ಆ ಸುಲಭದಲ್ಲೇ. ಎಚೆವೇರಿಯಾದ ಕೆಳಗಿನ ಎಲೆಯೊಂದನ್ನು ಮುರಿಯದಂತೆ ಅತ್ತಿತ್ತ ಅಲುಗಿಸಿ ಬುಡಸಮೇತ ಬಿಡಿಸಿ, ಗಾಯ ಒಣಗಲು ಮೂರು ನಾಲ್ಕು ದಿನ ನೆರಳಲ್ಲಿಟ್ಟು, ಒಣ ಮಣ್ಣಿನ ತಟ್ಟೆಯ ಮೇಲೆ ಸುಮ್ಮನೆ ಮಲಗಿಸಿದರೆ ಆಯಿತು. ಕೆಲವು ವಾರಗಳಲ್ಲಿ ಬುಡದಿಂದ ನಸುಗೆಂಪು ಬೇರು, ಅದರ ಬೆನ್ನಿಗೆ ಗುಲಗಂಜಿಯಷ್ಟು ಪುಟ್ಟ ತಾವರೆ ಇಣುಕುತ್ತದೆ. ಅಲ್ಲಿಯವರೆಗೆ ಮರಿಗೆ ನೀರುಣಿಸುವುದು ತಾಯೆಲೆಯೇ. ಮರಿಯ ಬೇರು ಮಣ್ಣು ಹಿಡಿಯುವ ಹೊತ್ತಿಗೆ ಅದು ಕಾಗದದಂತೆ ತೆಳುವಾಗಿ, ಬೆರಳು ತಾಗಿದರೆ ಕಳಚಿ ಬರುತ್ತದೆ.