ಇಂಜಿನಿಯರ್ ಅಪ್ಪನಿಗೆ ‘ದ್ವೀಪ’

ನಿವೃತ್ತ ಇಂಜಿನಿಯರ್ ಅಪ್ಪನಿಗೆ ಪುಸ್ತಕ ಕೊಡಬೇಕೆಂದಾಗ ನಮ್ಮ ಕೈ ಸಾಮಾನ್ಯವಾಗಿ ಎರಡು ಕಡೆ ಹೋಗುತ್ತದೆ. ಒಂದು, ವಿಶ್ವೇಶ್ವರಯ್ಯನವರಂಥವರ ಜೀವನಚರಿತ್ರೆ. ಇನ್ನೊಂದು, ಜನಪ್ರಿಯ ವಿಜ್ಞಾನ. ಎರಡೂ ಒಳ್ಳೆಯವೇ. ಆದರೆ ಯಂತ್ರಗಳ ನಡುವೆ ಬದುಕಿದವರಿಗೆ ಕಥೆ, ಕಾದಂಬರಿ ಒಗ್ಗುವುದಿಲ್ಲ ಎಂಬ ತಾತ್ಸಾರವೂ ಈ ಆಯ್ಕೆಯಲ್ಲಿ ಅಡಗಿರುತ್ತದೆ. ಜಲವಿದ್ಯುತ್ ಕೇಂದ್ರಗಳಲ್ಲಿ ಟರ್ಬೈನ್ ನೋಡಿಕೊಳ್ಳುತ್ತ ಸರ್ವಿಸ್ ಮುಗಿಸಿದ ನನ್ನ ಅಪ್ಪ ಯಾವ ಪುಸ್ತಕ ಹಿಡಿದರೂ ಕೇಳುವ ಪ್ರಶ್ನೆ ಒಂದೇ: ‘ಇದು ಹೇಗೆ ನಡೀತು?’ ವಿವರ ಸಡಿಲವಾದ ಕಡೆ ಮಡಚಿಡುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವೂ ಕೇಳಬೇಕಾದ ಪ್ರಶ್ನೆ ಅದು.

ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುವ ಪುಸ್ತಕಗಳು ಕನ್ನಡದಲ್ಲಿವೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗಿಡಗಳನ್ನು ವರ್ಣಿಸಿ ಸುಮ್ಮನಾಗುವುದಿಲ್ಲ. ಗುರುತಿಸುವುದು ಹೇಗೆಂದು ತೋರಿಸುತ್ತದೆ, ನಡುನಡುವೆ ನಗಿಸುತ್ತದೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಕಂಡವನು ಹಳ್ಳಿಯ ಮಂದಣ್ಣ. ಅವನ ಕಣ್ಣನ್ನು ನಂಬುವ ವಿಜ್ಞಾನಿ ಕರ್ವಾಲೊ. ಕೊನೆಗೆ ಓತಿ ಕೈಗೆ ಸಿಗದೆ ಹಾರಿಹೋದರೂ ಹುಡುಕಾಟ ವ್ಯರ್ಥವಾಯಿತು ಅನಿಸುವುದಿಲ್ಲ. ಇವೆರಡನ್ನೂ ಯಾವ ಅಪ್ಪನಿಗಾದರೂ ಧೈರ್ಯವಾಗಿ ಕೊಡಬಹುದು.

ನಾನು ಆರಿಸಿದ್ದು ಅಷ್ಟು ಧೈರ್ಯ ಬಾರದ ಪುಸ್ತಕ: ನಾ. ಡಿಸೋಜರ ‘ದ್ವೀಪ’. ಶರಾವತಿಗೆ ಅಣೆಕಟ್ಟು ಬಂದು, ಊರು ಮುಳುಗುವ ಕಥೆ. ಉಳಿದವರೆಲ್ಲ ಗಂಟುಮೂಟೆ ಕಟ್ಟಿ ಹೋಗುತ್ತಾರೆ. ಗಣಪಯ್ಯ, ನಾಗವೇಣಿ ದಂಪತಿ ಮಳೆಗಾಲಕ್ಕೆ ಸಿಕ್ಕಿಬೀಳುತ್ತಾರೆ. ಸುತ್ತ ನೀರು ಏರಿ ಅವರಿರುವ ಜಾಗ ದ್ವೀಪವಾಗುತ್ತದೆ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿದ ಡಿಸೋಜರಿಗೆ ಇಂಥ ಯೋಜನೆಗಳ ಒಳಗೂ ಗೊತ್ತಿತ್ತು, ಹೊರಗೂ ಗೊತ್ತಿತ್ತು.

ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಕಾಣುವ ಸಂಖ್ಯೆ. ಅಪ್ಪನಿಗೆ ಆ ಏರಿಕೆಯೆಂದರೆ ಸಂತೋಷ: ನೀರು ಇದ್ದರೆ ಟರ್ಬೈನ್ ತಿರುಗುತ್ತದೆ, ನಾಡಿಗೆ ಬೆಳಕು ಬರುತ್ತದೆ. ಆ ಸಂತೋಷದಲ್ಲಿ ಸುಳ್ಳಿಲ್ಲ. ‘ದ್ವೀಪ’ದಲ್ಲಿ ಅದೇ ಏರಿಕೆಯನ್ನು ಅಳೆಯಲು ಮಾಪಕವಿಲ್ಲ. ಗದ್ದೆ, ತೋಟ, ದಾರಿ, ಅಂಗಳ, ಇವೇ ಗುರುತುಗಳು. ಕಾದಂಬರಿಯ ಬಲ ಇರುವುದು ಇಲ್ಲಿ. ಡಿಸೋಜ ಘೋಷಣೆ ಕೂಗುವುದಿಲ್ಲ. ನೀರು ಎಲ್ಲಿಗೆ ಬಂತೆಂದು ಹೇಳುತ್ತ ಹೋಗುತ್ತಾರೆ. ನೀರು ಏರಿದಂತೆ ಗಂಡಹೆಂಡಿರ ನಡುವಿನ ನಂಬಿಕೆ ಇಳಿಯುತ್ತದೆ. ಒಂದು ಸಂಸಾರ ಎಷ್ಟು ಒತ್ತಡ ತಾಳೀತು ಎಂಬ ಲೆಕ್ಕ ಯಾವ ಯೋಜನಾ ವರದಿಯಲ್ಲೂ ಇರುವುದಿಲ್ಲ.

ಈ ಪುಸ್ತಕಕ್ಕೆ ಒಂದು ಮಿತಿಯೂ ಇದೆ. ಕಥೆ ಪೂರ್ತಿಯಾಗಿ ಮುಳುಗುವವರ ಕಡೆ ನಿಂತಿದೆ. ಕಟ್ಟಿದವರ ಮನಸ್ಸಿನೊಳಗೆ ಇಳಿಯುವುದಿಲ್ಲ. ಅಪ್ಪ ಅದನ್ನು ಕೂಡಲೇ ಹಿಡಿದರು: ‘ನಾವೇನು ಕಲ್ಲೆದೆಯವರಾ?’ ಈ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದರ ಬೆನ್ನಿಗೇ, ಮುಳುಗಡೆಯಿಂದ ಎದ್ದುಬಂದು ತಮ್ಮ ಕ್ಯಾಂಪಿನಲ್ಲಿ ಕೂಲಿಗೆ ಸೇರಿದ್ದವರ ವಿಷಯ ತೆಗೆದರು. ಅಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಆ ಮಾತು ಬಂದಿರಲಿಲ್ಲ.

ನಾವು ಅಪ್ಪಂದಿರಿಗೆ ಕೊಡುವ ಪುಸ್ತಕಗಳಲ್ಲಿ ಹೆಚ್ಚಿನವು ಅವರ ಬದುಕಿಗೆ ಹಾಕುವ ಹಾರಗಳು. ನಿವೃತ್ತಿಯ ದಿನ ಅವರಿಗೆ ಹಾರಗಳು ಬೇಕಾದಷ್ಟು ಸಿಕ್ಕಿರುತ್ತವೆ. ತಾನು ಮಾಡಿದ ಕೆಲಸವನ್ನು ಇನ್ನೊಂದು ದಡದಿಂದ ನೋಡಲು ಕರೆಯುವ, ಸಿಟ್ಟು ಬಂದರೂ ಕೆಳಗಿಡಲು ಬಿಡದ ಪುಸ್ತಕ ಕೊಡುವುದರಲ್ಲಿ ಹೆಚ್ಚಿನ ಮರ್ಯಾದೆಯಿದೆ. ‘ನೀವು ಉತ್ತರ ಕೊಡಬಲ್ಲಿರಿ’ ಎಂದು ನಂಬಿದವರಿಗಷ್ಟೇ ನಾವು ಪ್ರಶ್ನೆ ಕೇಳುತ್ತೇವೆ.