‘ಸೈರಾಟ್’: ತವರುನುಡಿಯ ಕರೆ

ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’ (2016) ಕುರಿತ ಚರ್ಚೆ ಹೆಚ್ಚಾಗಿ ಜಾತಿಯ ಸುತ್ತ ನಡೆದಿದೆ, ಅದು ಸಹಜ. ಪಾಟೀಲರ ಮಗಳು ಆರ್ಚಿ, ಮೀನು ಹಿಡಿಯುವವರ ಮಗ ಪರಶ್ಯಾ, ಕೊನೆಗೆ ಕೊಲೆ. ಆದರೆ ಮನೆಯಲ್ಲಿ ಕನ್ನಡ, ಶಾಲೆ–ಸಂತೆಗಳಲ್ಲಿ ಮರಾಠಿ ಆಡುವ ಉಮರಗಾದವರಿಗೆ, 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರಗಳ ಕನ್ನಡಿಗರಿಗೆ ಇದರಲ್ಲಿ ನುಡಿಯ ಕಥೆಯೂ ಕೇಳಿಸುತ್ತದೆ.

ಊರಿನಲ್ಲಿ ಆರ್ಚಿಯ ಮಾತೇ ಅಧಿಕಾರ. ಮರಾಠಿ ತಿಳಿಯದಿದ್ದರೆ ಇಂಗ್ಲಿಷಿನಲ್ಲಿ ಹೇಳಲೇ ಎಂದು ಗದರುವವಳು ಅವಳು. ಓಡಿಹೋಗಿ ಹೈದರಾಬಾದು ಸೇರಿದೊಡನೆ ಆ ನಾಲಗೆ ಕಟ್ಟಿಹೋಗುತ್ತದೆ. ಪಾಟೀಲಕಿಯ ಮರಾಠಿ ತೆಲುಗಿನ ಬೀದಿಯಲ್ಲಿ ಚಲಾವಣೆಯಾಗದು. ಅಲ್ಲಿ ಕೈಹಿಡಿಯುವವಳು ದೋಸೆಯಂಗಡಿಯ ಸುಮನಕ್ಕ, ಎರಡೂ ನುಡಿ ಬಲ್ಲವಳು. ಕಾರ್ಖಾನೆಯಲ್ಲಿ ದುಡಿಯುತ್ತ ಆರ್ಚಿ ತೆಲುಗು ಕಲಿಯುವ ಭಾಗ ಕೆಲವರಿಗೆ ಎಳೆದಂತೆ ಕಂಡೀತು. ಗಡಿಯವರಿಗೆ ಅದೇ ತಿರುಳು: ಹುಟ್ಟಿನ ಮೇಲ್ಮೆ ಕಳಚಿ, ಇಬ್ಬರೂ ಮೊದಲ ಬಾರಿಗೆ ಸಮಾನರಾಗುವುದು ಅಲ್ಲಿ.

ಎಸ್. ನಾರಾಯಣ್ ಅವರ ‘ಮನಸು ಮಲ್ಲಿಗೆ’ (2017) ನಾಯಕಿ ರಿಂಕು ರಾಜಗುರು ಅವರನ್ನೇ ಉಳಿಸಿಕೊಂಡು ಈ ಕಥೆಯನ್ನು ಕನ್ನಡಕ್ಕೆ ತಂದಿತು. ಮೂಲವನ್ನೇ ಅರಿಯಬಲ್ಲ ಗಡಿಯ ಕನ್ನಡಿಗರಿಗೆ ಅದರ ಅಗತ್ಯವಿರಲಿಲ್ಲ.

ತವರಿನ ನುಡಿ ಆಸರೆ ಎಂಬುದು ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನದಲ್ಲಿ ರೂಢಿಯಾದ ನಂಬಿಕೆ. ಮಂಜುಳೆ ಅದಕ್ಕೆ ಒಪ್ಪುವುದಿಲ್ಲ. ಆರ್ಚಿ ತಾಯಿಗೆ ಫೋನ್ ಮಾಡಿ ಮಗುವನ್ನು ಮಾತನಾಡಿಸುತ್ತಾಳೆ. ಬಳಿಕ ತಾಯಿ ಕಳಿಸಿದ ಉಡುಗೊರೆಗಳೊಡನೆ ಸಹೋದರನೂ ಬಂಧುಗಳೂ ಬರುತ್ತಾರೆ. ಬಾಗಿಲಿಗೆ ಬಂದದ್ದು ಅವಳದೇ ಮರಾಠಿ. ಅವಳು ಚಹಾ ಮಾಡುತ್ತಾಳೆ. ಕೊನೆಯಲ್ಲಿ ಮಗುವಿನ ರಕ್ತದ ಹೆಜ್ಜೆಗಳಿವೆ, ಯಾವ ನುಡಿಯೂ ಇಲ್ಲ.